ಗಾಳಿಯ ಕೋವಿ, ಸೀಸದ ಗುಂಡು

ಜಾತ್ರೆಯ ಬಲೂನು ಅಂಗಡಿಯಲ್ಲಿ ಒಮ್ಮೆಯಾದರೂ ಏರ್‌ಗನ್ ಹಿಡಿಯದವರು ನಮ್ಮಲ್ಲಿ ಕಡಿಮೆ. ಹಲಗೆಗೆ ಸಾಲಾಗಿ ಸಿಕ್ಕಿಸಿದ ಬಣ್ಣದ ಬಲೂನುಗಳು, ನಳಿಗೆಯನ್ನು ಮಡಚಿ ಪುಟ್ಟದೊಂದು ಸೀಸದ ಚರೆ ತುಂಬಿ ಕೈಗೆ ಕೊಡುವ ಹುಡುಗ, ಗುರಿ ತಪ್ಪಿದರೆ ಹಲಗೆಗೆ ಬಡಿಯುವ 'ಟಪ್' ಸದ್ದು. ಗಾಳಿಯ ಕೋವಿ ಎಂದರೆ ನಮಗೆ ಇಷ್ಟೇ, ಅದೊಂದು ಮಕ್ಕಳಾಟ. ಕೊಡಗು, ಮಲೆನಾಡಿನ ಮನೆಗಳಲ್ಲಿ ಗೋಡೆಗೆ ತೂಗುತ್ತಿದ್ದದ್ದು ಮದ್ದಿನ ಕೋವಿ. 'ಈಡು' ಎಂಬ ಮಾತಿಗೆ ಗೌರವ ಇದ್ದದ್ದೂ ಅದರಿಂದಲೇ.

ಆದರೆ ಸುಮಾರು ಇನ್ನೂರನಲವತ್ತು ವರ್ಷಗಳ ಹಿಂದೆ ಯುರೋಪಿನ ಒಂದು ದೊಡ್ಡ ಸೈನ್ಯ ಗಾಳಿಯ ಕೋವಿಯನ್ನು ಹೊತ್ತು ಯುದ್ಧಕ್ಕೆ ಹೋಗಿತ್ತು. ಆ ಕೋವಿ ಅಂದಿನ ಯಾವ ಮದ್ದಿನ ಕೋವಿಗಿಂತಲೂ ಬೇಗ ಗುಂಡು ಹಾರಿಸುತ್ತಿತ್ತು. ಹಾಗಿದ್ದೂ ಅದು ಸೋತಿತು. ಯಾಕೆ ಸೋತಿತು ಎಂದು ಹುಡುಕುತ್ತ ಹೋದರೆ ಉತ್ತರ ಸೇನಾಪತಿಗಳ ಡೇರೆಯಲ್ಲಿ ಸಿಗುವುದಿಲ್ಲ. ಒಂದು ತೊಗಲಿನ ವಾಷರ್‌ನಲ್ಲಿ, ಒಂದು ಹುಟ್ಟು ಕರಗಿದ ಸೀಸದಲ್ಲಿ ಸಿಗುತ್ತದೆ.

ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಯೋಚನೆ ಇನ್ನೂ ಹಳೆಯದು. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಯುರೋಪಿನ ದೊರೆಗಳು ಜಿಂಕೆ, ಕಾಡುಹಂದಿಗಳ ಬೇಟೆಗೆ ದೊಡ್ಡ ಬೋರಿನ ಗಾಳಿಕೋವಿಗಳನ್ನು ಮಾಡಿಸಿಕೊಳ್ಳುತ್ತಿದ್ದರು. ಹೊಗೆಯಿಲ್ಲ, ಸದ್ದು ಕಡಿಮೆ, ಮಳೆಗೆ ಮದ್ದು ನೆನೆಯುವ ಭಯವೂ ಇಲ್ಲ. ಆದರೆ ಅವು ಅರಮನೆಯ ಕುಶಲಕರ್ಮಿಗಳು ಒಂದೊಂದಾಗಿ ಮಾಡಿಕೊಟ್ಟ ಷೋಕಿಯ ವಸ್ತುಗಳು. ಅದನ್ನು ಸಿಪಾಯಿಯ ಕೈಗೆ ಕೊಡಬಹುದೆಂದು ತೋರಿಸಿದವನು ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಟಿರೋಲಿನ ಬಾರ್ತಲೋಮಿಯಸ್ ಜಿರಾರ್ಡೋನಿ. ಅವನು ರೂಪಿಸಿದ ಕೋವಿಯನ್ನು ಆಸ್ಟ್ರಿಯಾದ ಸೈನ್ಯ 1780ರ ಸುಮಾರಿಗೆ ಒಪ್ಪಿಕೊಂಡಿತು.

ಅದರ ಹಿಡಿ, ಅಂದರೆ ಭುಜಕ್ಕೆ ಒತ್ತಿಕೊಳ್ಳುವ ಭಾಗ, ಮರದ್ದಲ್ಲ. ಕಬ್ಬಿಣದ ತಗಡನ್ನು ಬೆಸೆದು ಮಾಡಿದ ಟೊಳ್ಳು ಪಾತ್ರೆ; ಗಾಳಿ ಇರುವುದು ಅದರೊಳಗೆ. ಕೈಪಂಪಿನಿಂದ ಸುಮಾರು ಸಾವಿರದೈನೂರು ಸಲ ಒತ್ತಿದರೆ ಅದು ತುಂಬುತ್ತಿತ್ತು. ಒಳಗಿನ ಒತ್ತಡ 800 ಪಿಎಸ್‌ಐ ಆಸುಪಾಸು. ನಮ್ಮ ಕಾರಿನ ಟಯರಿಗೆ ಹಾಕಿಸುವುದು 30, 35. ನಳಿಗೆಯ ಪಕ್ಕದಲ್ಲೊಂದು ಉದ್ದನೆಯ ಕೊಳವೆ, ಅದರಲ್ಲಿ ಇಪ್ಪತ್ತು ಗುಂಡು. ಕೋವಿಯ ಮೂತಿಯನ್ನು ಮೇಲಕ್ಕೆತ್ತಿ ಒಂದು ಅಡ್ಡತುಂಡನ್ನು ಬೆರಳಿನಿಂದ ತಳ್ಳಿದರೆ ಗುಂಡೊಂದು ತನ್ನ ಭಾರಕ್ಕೆ ತಾನೇ ಉರುಳಿ ಬಂದು ನಳಿಗೆಯ ಬುಡದಲ್ಲಿ ಕೂರುತ್ತಿತ್ತು. ಕುದುರೆ ಎಳೆದು, ಗುರಿ ಹಿಡಿದು, ಹೊಡೆದರಾಯಿತು. ಆ ಕಾಲದ ಮಸ್ಕೆಟ್ ಹಿಡಿದ ಪಳಗಿದ ಸಿಪಾಯಿ ಎದ್ದು ನಿಂತು, ಮದ್ದು ಸುರಿದು, ಗುಂಡು ಹಾಕಿ, ಸಲಾಕೆಯಿಂದ ಜಡಿದು ನಿಮಿಷಕ್ಕೆ ಮೂರು ಗುಂಡು ಹೊಡೆದರೆ ಹೆಚ್ಚು. ಗಾಳಿಕೋವಿಯವನು ನೆಲಕ್ಕೆ ಒರಗಿದಲ್ಲಿಂದಲೇ ಒಂದೇ ನಿಮಿಷದಲ್ಲಿ ಇಪ್ಪತ್ತು ಹೊಡೆಯಬಲ್ಲವನಾಗಿದ್ದ.

ಇಂಥ ಕೋವಿಯ ಜೊತೆ ಸಿಪಾಯಿಗೆ ಒಂದು ಸಂಸಾರವನ್ನೇ ಕಟ್ಟಿಕೊಡಬೇಕಾಗಿತ್ತು. ಬದಲಿ ಗಾಳಿಪಾತ್ರೆಗಳು, ಕೈಪಂಪು, ಗುಂಡು ತುಂಬಿಟ್ಟ ತಗಡಿನ ಕೊಳವೆಗಳು, ಸೀಸ ಕರಗಿಸುವ ಹುಟ್ಟು, ಗುಂಡಿನ ಅಚ್ಚು. ಕೊನೆಯ ಎರಡರ ಕಡೆ ಸ್ವಲ್ಪ ಗಮನ ಕೊಡಬೇಕು. ಆಗ ಗುಂಡನ್ನು ಸಿಪಾಯಿಗಳೂ ಬೇಟೆಗಾರರೂ ತಾವೇ ಎರಕ ಹೊಯ್ದುಕೊಳ್ಳುವುದು ಮಾಮೂಲಿ. ಇವತ್ತು ದೊಡ್ಡ ಬೋರಿನ ಏರ್‌ ರೈಫಲ್ ಹವ್ಯಾಸಕ್ಕೆ ಇಳಿಯುವ ವಿದೇಶಿಯರು ಮೊದಲು ಕಲಿಯುವ ಪಾಠವೂ ಅದೇ, ಮತ್ತು ಆ ಪಾಠ ಹೆಚ್ಚೇನೂ ಬದಲಾಗಿಲ್ಲ.

ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಸೌದೆ ಒಲೆಯೇ ಸಾಕು. ಕರಗಿದ ಮೇಲೆ ಮೇಲೆ ಕಟ್ಟುವ ಕಿಟ್ಟವನ್ನು ತೆಗೆದು ಹಾಕಬೇಕು. ಅಚ್ಚು ಇಕ್ಕಳದ ಹಾಗೆ ಎರಡು ಹೋಳಿನದು. ತಣ್ಣಗಿನ ಅಚ್ಚಿಗೆ ಹೊಯ್ದರೆ ಗುಂಡಿನ ಮೈ ನಿರಿಗೆಗಟ್ಟುತ್ತದೆ. ಹಾಗಾಗಿ ಮೊದಲ ನಾಲ್ಕಾರು ಗುಂಡುಗಳು ಅಚ್ಚು ಕಾಯುವುದಕ್ಕೇ ಮೀಸಲು. ಅವನ್ನು ಮತ್ತೆ ಹುಟ್ಟಿಗೆ ಹಾಕಬೇಕು. ಸ್ವಲ್ಪ ತವರ ಬೆರೆಸಿದರೆ ಲೋಹ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಹೊಯ್ದ ಬಾಯಿಯಲ್ಲಿ ಉಳಿದ ಬಾಲವನ್ನು ಕತ್ತರಿಸಿ ನಯ ಮಾಡಬೇಕು. ಮುಖ್ಯವಾದ ಎಚ್ಚರಿಕೆ ನೀರಿನದು. ಕರಗಿದ ಸೀಸದೊಳಕ್ಕೆ ಒದ್ದೆ ತುಂಡೊಂದು ಇಳಿದರೆ ನೀರು ಕ್ಷಣದಲ್ಲಿ ಆವಿಯಾಗಿ ಲೋಹವನ್ನು ಮುಖಕ್ಕೆ ಎರಚುತ್ತದೆ. ಇನ್ನೊಂದು ಎಚ್ಚರಿಕೆ ನಿಧಾನದ್ದು. ಸೀಸ ವಿಷ, ಕೈ ತೊಳೆಯದೆ ಉಣ್ಣುವವನ, ಅಡಿಗೆಯ ಪಾತ್ರೆಯಲ್ಲೇ ಅದನ್ನು ಕರಗಿಸುವವನ ಮೈಯೊಳಗೆ ಅದು ಸದ್ದಿಲ್ಲದೆ ಸೇರುತ್ತದೆ. ಎಲ್ಲರಿಗಿಂತ ಹೆಚ್ಚು ಕೆಡುಕು ಮಾಡುವುದು ಮಕ್ಕಳಿಗೆ.

ಮಸ್ಕೆಟ್ಟಿನ ಗುಂಡು ನಳಿಗೆಗಿಂತ ಸಾಕಷ್ಟು ಸಣ್ಣದಿರುತ್ತಿತ್ತು. ಅಂಕುಡೊಂಕಿದ್ದರೂ ನಡೆಯುತ್ತಿತ್ತು, ಉಳಿದ ಸಂದನ್ನು ಕಾಗದವೋ ಬಟ್ಟೆಯೋ ತುಂಬುತ್ತಿತ್ತು, ಕೊರತೆಯನ್ನು ಇನ್ನೊಂದು ಚಿಟಿಕೆ ಮದ್ದು ನೀಗಿಸುತ್ತಿತ್ತು. ಗಾಳಿಕೋವಿಗೆ ಆ ಔದಾರ್ಯ ಇಲ್ಲ. ಗುಂಡು ಕೂದಲೆಳೆಯಷ್ಟು ದಪ್ಪವಾದರೆ, ಬಾಲದ ಗಂಟು ಉಳಿದರೆ, ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಸಣ್ಣದಾದರೆ ಪಕ್ಕದಿಂದ ಗಾಳಿ ಸೋರಿ ಈಡು ಸಪ್ಪೆಯಾಗುತ್ತದೆ. ಇಪ್ಪತ್ತು ಗುಂಡೂ ಒಂದೇ ತಾಯಿಯ ಮಕ್ಕಳ ಹಾಗಿರಬೇಕು.

ವಾಷರಿನ ಕತೆಯೂ ಹೀಗೆಯೇ. ಹಳೆಯ ಸೈಕಲ್ ಪಂಪು ಬಳಸಿದವರಿಗೆ ಗೊತ್ತು: ಒಳಗಿನ ತೊಗಲು ಒಣಗಿದರೆ ಎಷ್ಟು ಒತ್ತಿದರೂ ಗಾಳಿ ಹೋಗದು, ಎರಡು ತೊಟ್ಟು ಎಣ್ಣೆ ಬಿಟ್ಟು ನೆನೆಸಬೇಕು. ಜಿರಾರ್ಡೋನಿಯ ಕೋವಿಯ ಜೀವವೂ ಅಂಥದೇ ತೊಗಲಿನಲ್ಲಿತ್ತು. ಅದನ್ನು ತೇವವಾಗಿಡಬೇಕು, ಪಾತ್ರೆಯ ಬೆಸುಗೆ ಬಿಡದಂತೆ ನೋಡಿಕೊಳ್ಳಬೇಕು, ಎಲ್ಲಿಯೂ ಬೀಳಿಸಬಾರದು. ಒಂದು ಪಾತ್ರೆ ಗಾಳಿಗೆ ಸುಮಾರು ಮೂವತ್ತು ಈಡು. ಹೊಡೆದಂತೆಲ್ಲ ಒತ್ತಡ ಇಳಿದು ಗುರಿಯೂ ಇಳಿಯುತ್ತಿತ್ತು. ರಣರಂಗದಲ್ಲಿ ಸಾವಿರದೈನೂರು ಸಲ ಪಂಪು ಒತ್ತಲು ಪುರುಸೊತ್ತೆಲ್ಲಿ? ತುಂಬಲು ಗಾಡಿಯ ಮೇಲೆ ದೊಡ್ಡ ಪಂಪು ಹೂಡಿದ್ದೂ ಉಂಟು. ರಿಪೇರಿಗೆ ಬೇಕಾದದ್ದು ಗಡಿಯಾರ ಮಾಡುವವನಂಥ ಕೈ. ಅಂಥವರು ಪಾಳೆಯದಲ್ಲಿ ಎಷ್ಟು ಜನ ಇದ್ದಾರು? 1815ರ ಹೊತ್ತಿಗೆ ಸೈನ್ಯ ಆ ಕೋವಿಗಳನ್ನು ಕೈಬಿಟ್ಟಿತ್ತು. ಒರಟು ಮಸ್ಕೆಟ್ ಉಳಿಯಿತು, ಯಾಕೆಂದರೆ ಅದು ಅಜಾಗರೂಕ ಕೈಗಳನ್ನೂ ಕ್ಷಮಿಸುತ್ತಿತ್ತು.

ಕತೆ ಅಲ್ಲಿಗೇ ಮುಗಿಯುವುದಿಲ್ಲ. 1803ರಲ್ಲಿ ಅಮೆರಿಕದ ಅಧ್ಯಕ್ಷ ಥಾಮಸ್ ಜೆಫರ್ಸನ್, ಪಶ್ಚಿಮದ ಸಾಗರದವರೆಗಿನ ದಾರಿ ಹುಡುಕಲು ಮೆರಿವೆದರ್ ಲೂಯಿಸ್‌ನನ್ನು ಕಳಿಸಿದ. ವಿಲಿಯಂ ಕ್ಲಾರ್ಕ್ ನಂತರ ಅವನನ್ನು ಕೂಡಿಕೊಂಡ. ಲೂಯಿಸ್‌ನ ಸಾಮಾನಿನಲ್ಲಿ ಒಂದು ಗಾಳಿಕೋವಿ ಇತ್ತು. ಅದು ಯಾರು ಮಾಡಿದ್ದು ಎಂಬ ಬಗ್ಗೆ ಬಹುಕಾಲ ಚರ್ಚೆ ನಡೆಯಿತು. ಫಿಲಡೆಲ್ಫಿಯಾದ ಲ್ಯೂಕೆನ್ಸ್ ಎಂಬ ಕುಶಲಕರ್ಮಿಯದು ಎನ್ನುವುದು ಹಳೆಯ ನಂಬಿಕೆ. ಆದರೆ ಆ ಸೆಪ್ಟೆಂಬರಿನಲ್ಲಿ ಓಹಾಯೋ ನದಿಯ ದಡದ ವ್ಹೀಲಿಂಗ್ ಊರಿನಲ್ಲಿ ಅದನ್ನು ಕಣ್ಣಾರೆ ಕಂಡ ಥಾಮಸ್ ರಾಡ್ನಿ ಎಂಬಾತ, ಅದು ನಿಮಿಷಕ್ಕೆ ಇಪ್ಪತ್ತೆರಡು ಸಲ ಹೊಡೆಯುತ್ತದೆಂದೂ ಗುಂಡುಗಳೆಲ್ಲ ಪಕ್ಕದ ಕೊಳವೆಯಲ್ಲಿ ಇದ್ದು ಒಂದೊಂದಾಗಿ ಒಳಗೆ ಬೀಳುತ್ತವೆಂದೂ ದಿನಚರಿಯಲ್ಲಿ ಬರೆದಿಟ್ಟ. ಈ ಚಹರೆ ಜಿರಾರ್ಡೋನಿಯ ಕೋವಿಗೆ ಚೆನ್ನಾಗಿ ಹೊಂದುತ್ತದೆ. ಇವತ್ತು ಹೆಚ್ಚಿನ ತಜ್ಞರ ಒಲವೂ ಅತ್ತಲೇ.

ಲೂಯಿಸ್‌ನ ದಿನಚರಿ ಶುರುವಾಗುವುದೇ ಆ ಕೋವಿಯ ಒಂದು ಅನಾಹುತದಿಂದ. ಪಿಟ್ಸ್‌ಬರ್ಗ್ ಬಿಟ್ಟ ಮೊದಲ ದಿನವೇ ದೋಣಿಯನ್ನು ಒಂದು ನಡುಗಡ್ಡೆಗೆ ಹಚ್ಚಿ, ಅಲ್ಲಿದ್ದವರ ಬೇಡಿಕೆಗೆ ಮಣಿದು, 55 ಗಜ ದೂರಕ್ಕೆ ಏಳು ಸಲ ಹೊಡೆದು ತೋರಿಸಿದ. ಆಮೇಲೆ ಕೋವಿಯನ್ನು ಅಭ್ಯಾಸವಿಲ್ಲದ ಇನ್ನೊಬ್ಬನ ಕೈಗೆ ಕೊಟ್ಟ. ಅದು ತಾನಾಗಿ ಹಾರಿತು. ನಲವತ್ತು ಗಜ ಆಚೆ ನಿಂತಿದ್ದ ಹೆಂಗಸೊಬ್ಬಳ ಟೋಪಿಯನ್ನು ತೂರಿ ಗುಂಡು ಕಣತಲೆ ಸವರಿಕೊಂಡು ಹೋಯಿತು. ರಕ್ತ ಸುರಿಯುತ್ತ ಆಕೆ ಬಿದ್ದಳು. ಸತ್ತೇಹೋದಳೆಂದು ಎಲ್ಲರೂ ಗಾಬರಿಯಾದರು. ಸ್ವಲ್ಪ ಹೊತ್ತಿಗೆ ಆಕೆ ಎಚ್ಚರಗೊಂಡಳು, ಗಾಯ ಆಳವಾಗಿರಲಿಲ್ಲ. ಮದ್ದಿಲ್ಲ, ಹೊಗೆಯಿಲ್ಲ ಎಂದಮಾತ್ರಕ್ಕೆ ಅದು ಆಟಿಕೆಯಲ್ಲ ಎಂಬುದು ಮೊದಲ ದಿನವೇ ಗೊತ್ತಾಯಿತು.

ಮುಂದಿನ ವರ್ಷ ಮಿಸ್ಸೂರಿ ನದಿಯುದ್ದಕ್ಕೂ ಆ ಕೋವಿಗೆ ಬೇರೆಯದೇ ಕೆಲಸ. 1804ರ ಆಗಸ್ಟ್ 3ರಂದು ಓಟೋ ಜನರ ಮುಖಂಡರನ್ನು ಕರೆಸಿ, ಇನ್ನು ಈ ನೆಲಕ್ಕೆ ಹೊಸ ಒಡೆಯನಿದ್ದಾನೆಂದು ಭಾಷಣ ಮಾಡಿ, ಪದಕ ಹಂಚಿ, ಕೊನೆಗೆ ಗಾಳಿಕೋವಿ ಹೊಡೆದು ತೋರಿಸಿದರು. ಆಮೇಲೆ ಕಂಡ ಅನೇಕ ಬುಡಕಟ್ಟುಗಳ ಎದುರಿಗೂ ಇದೇ ಪ್ರದರ್ಶನ. ಮದ್ದಿನ ಕೋವಿಗಳನ್ನು ಆ ಜನ ಬಲ್ಲವರಾಗಿದ್ದರು. ಆದರೆ ಇದು ಬೆಂಕಿಯಿಲ್ಲದೆ, ಮತ್ತೆ ತುಂಬದೆ, ಹೊಡೆಯುತ್ತಲೇ ಇತ್ತು. ಇಂಥವು ಎಷ್ಟಿವೆ ಎಂದು ಯಾರೂ ಹೇಳಲಿಲ್ಲ. ಇದ್ದದ್ದು ಒಂದೇ. ಒಂದು ಗುಂಡನ್ನೂ ಮನುಷ್ಯನಿಗೆ ಗುರಿಯಿಡದೆ ಹೆದರಿಕೆ ಹುಟ್ಟಿಸಿದ ಅಸ್ತ್ರ ಅದು. ರಕ್ತ ಹರಿಯಲಿಲ್ಲ ಎಂದು ಸಮಾಧಾನಪಡಬಹುದು. ಆದರೆ ಆ ದಿನ ನೋಡಿ ಬೆರಗಾದ ಓಟೋ ಜನರ ಮೊಮ್ಮಕ್ಕಳ ಕಾಲಕ್ಕೆ ಅವರ ನೆಲ ಅವರದಾಗಿ ಉಳಿದಿರಲಿಲ್ಲ. 1881ರಲ್ಲಿ ಅವರನ್ನು ಇಂದಿನ ಓಕ್ಲಹೋಮದ ಕಡೆಗೆ ಸಾಗಿಸಲಾಯಿತು. ಬೆರಗು ಹುಟ್ಟಿಸುವುದೂ ಅಧಿಕಾರದ ಒಂದು ವಿಧಾನ.

ಆಸ್ಟ್ರಿಯಾದ ಸೈನ್ಯಕ್ಕೆ ಆಗದ್ದು ಮೂವತ್ತು ಚಿಲ್ಲರೆ ಜನರ ಈ ತಂಡಕ್ಕೆ ಹೇಗೆ ಆಯಿತು? ಉತ್ತರ ಜಾನ್ ಶೀಲ್ಡ್ಸ್ ಎಂಬ ಕಮ್ಮಾರ. 1805ರ ಜೂನ್ 10ರಂದು ಅವನು ಗಾಳಿಕೋವಿಯ ಮುಖ್ಯ ಸ್ಪ್ರಿಂಗನ್ನು ಹೊಸದು ಮಾಡಿ ಕೂರಿಸಿದ. ಆ ಮನುಷ್ಯನ ಜಾಣ್ಮೆಗೆ ತಾವೆಲ್ಲ ಎಷ್ಟೋ ಸಲ ಋಣಿಗಳಾಗಿದ್ದೇವೆಂದು ಲೂಯಿಸ್ ಅಂದು ಬರೆದುಕೊಂಡ. ಗುಂಡಿನ ವಿಷಯದಲ್ಲೂ ತಂಡ ಮುಂದಾಲೋಚನೆ ಮಾಡಿತ್ತು. ಮದ್ದನ್ನು ಮರದ ಪೀಪಾಯಿಗಳ ಬದಲು 52 ಸೀಸದ ಡಬ್ಬಿಗಳಲ್ಲಿ ತುಂಬಿಸಲಾಗಿತ್ತು. ಡಬ್ಬಿಯಲ್ಲಿ ನಾಲ್ಕು ಪೌಂಡ್ ಮದ್ದು, ಡಬ್ಬಿಯ ತೂಕ ಎಂಟು ಪೌಂಡ್. ಮದ್ದು ಖಾಲಿಯಾದರೆ ಡಬ್ಬಿಯನ್ನೇ ಕರಗಿಸಿ ಗುಂಡು ಹೊಯ್ಯುವುದು. ದೋಣಿ ಮಗುಚಿ ಡಬ್ಬಿಗಳು ನದಿಯಲ್ಲಿ ನೆನೆದರೂ ಒಳಗಿನ ಮದ್ದು ಕೆಡಲಿಲ್ಲ. 1806ರ ಫೆಬ್ರವರಿ 1ರಂದು, ಪೆಸಿಫಿಕ್ ಸಾಗರದ ಬಳಿಯ ಚಳಿಗಾಲದ ಠಾಣ್ಯದಲ್ಲಿ, ಲೆಕ್ಕ ಹಾಕಿದಾಗ 35 ಡಬ್ಬಿಗಳು ಉಳಿದಿದ್ದವು. ಮನೆಗೆ ಮರಳುವ ಭರವಸೆ ಆ ಎಣಿಕೆಯಲ್ಲಿತ್ತು.

ಇವತ್ತಿನ ದೊಡ್ಡ ಬೋರಿನ ಏರ್‌ ರೈಫಲ್‌ಗಳಲ್ಲಿ ಗಾಳಿಯ ಒತ್ತಡ ಜಿರಾರ್ಡೋನಿಯ ಕಾಲದ ನಾಲ್ಕೈದು ಪಟ್ಟು. ತೊಗಲಿನ ಜಾಗಕ್ಕೆ ಸಿಂಥೆಟಿಕ್ ರಿಂಗು ಬಂದಿದೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಜಿಂಕೆ ಬೇಟೆಗೂ ಅವಕ್ಕೆ ಅನುಮತಿ ಇದೆ. ನಮ್ಮ ದೇಶದಲ್ಲಿ 4.5 ಮಿಲಿಮೀಟರ್ ಬೋರು, 20 ಜೌಲ್ ಶಕ್ತಿ ದಾಟಿದ ಏರ್‌ಗನ್‌ಗೆ ಲೈಸೆನ್ಸ್ ಬೇಕು. ಬೇಟೆಯ ಮಾತಂತೂ ಇಲ್ಲ. ಹಾಗಾಗಿ ನಮಗೆ ಇದು ಬರೀ ಓದಿ ತಿಳಿಯುವ ಚರಿತ್ರೆ. ಆದರೂ ಇದರಲ್ಲೊಂದು ಮಾತು ನಮ್ಮದೂ ಹೌದು. ಯಂತ್ರ ಎಷ್ಟೇ ಜಾಣತನದ್ದಾಗಿರಲಿ, ಅದನ್ನು ನೋಡಿಕೊಳ್ಳುವ ಕೈ ಹತ್ತಿರದಲ್ಲಿಲ್ಲದಿದ್ದರೆ ಅದು ಮೂಲೆ ಸೇರುತ್ತದೆ. ಕೈಪಂಪು ಬಂದು ವಾಷರ್ ಬಾರದ ಊರುಗಳನ್ನು ನಾವು ಕಂಡಿಲ್ಲವೇ?