ಹತ್ತನೇ ನಂಬರಿನ ಜಗಳ

ಮೊನ್ನೆ ದೀಪಾವಳಿಗೆ ಸಾಗರಕ್ಕೆ ಹೋಗಿದ್ದೆ. ಕಜ್ಜಾಯ ತಿಂದು ಕೈ ತೊಳೆಯುವುದರೊಳಗೆ ದೊಡ್ಡಪ್ಪ ಒಂದು ಕೆಲಸ ಹಚ್ಚಿದರು. ಅವರು ಡಿಟಿಪಿ ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತು. ಆ ಕಾಲದ ಪೆಂಟಿಯಂ 3 ಕಂಪ್ಯೂಟರ್ ಮಾತ್ರ ಹಳೇ ಪಂಚೆ ಹೊದ್ದುಕೊಂಡು ಜಗಲಿಯ ಮೂಲೆಯಲ್ಲಿ ಇನ್ನೂ ಕೂತಿದೆ. ಒಳಗಿರುವುದು ವಿಂಡೋಸ್ 98. ಅಜ್ಜ ಬರೆದ ಒಂದು ಯಕ್ಷಗಾನ ಪ್ರಸಂಗವನ್ನು ದೊಡ್ಡಪ್ಪ ಅದರಲ್ಲಿ ಟೈಪ್ ಮಾಡಿಟ್ಟಿದ್ದರು. ಅಚ್ಚು ಹಾಕಿಸುವುದು ಮುಂದಕ್ಕೆ ಹೋಗುತ್ತಾ ಹೋಯಿತು, ಅಜ್ಜ ತೀರಿಕೊಂಡರು, ಕೈಬರಹದ ಪುಸ್ತಕ ಗೆದ್ದಲಿನ ಪಾಲಾಯಿತು. ಈಗ ಆ ಪ್ರಸಂಗ ಇರುವುದು ಈ ಒಂದೇ ಪೆಟ್ಟಿಗೆಯಲ್ಲಿ.

"ಪೆನ್‌ಡ್ರೈವಿಗೆ ಹಾಕಿ ಕೊಡು ಮಾರಾಯ, ಎರಡು ನಿಮಿಷದ ಕೆಲಸ" ಅಂದರು.

ಎರಡು ದಿನ ಹಿಡಿಯಿತು :-)

ಹಾರ್ಡ್ ಡಿಸ್ಕ್ ಬಿಚ್ಚಿ ಲ್ಯಾಪ್‌ಟಾಪಿಗೆ ಸಿಕ್ಕಿಸಬಹುದಿತ್ತಲ್ಲ ಅಂತ ನೀವು ಕೇಳಬಹುದು. ನಾನೂ ಅದನ್ನೇ ಹೇಳಿದೆ. "ಬಿಚ್ಚಿದ್ರೆ ಮತ್ತೆ ಏಳೂದಿಲ್ಲ ಅದು" ಅಂತ ದೊಡ್ಡಪ್ಪ ಅಡ್ಡ ನಿಂತರು. ಫ್ಲಾಪಿ ಡ್ರೈವ್ ಸತ್ತಿತ್ತು, ಸೀಡಿ ಡ್ರೈವ್ ಓದುತ್ತದೆ, ಬರೆಯುವುದಿಲ್ಲ. ಉಳಿದಿದ್ದು ಹಿಂಭಾಗದ ಎರಡು ಯುಎಸ್‌ಬಿ ಕಿಂಡಿಗಳು. ಪೆನ್‌ಡ್ರೈವ್ ಚುಚ್ಚಿದರೆ ಏನೂ ಆಗಲಿಲ್ಲ. ಡಿವೈಸ್ ಮ್ಯಾನೇಜರ್ ತೆಗೆದು ನೋಡಿದೆ. ಯುಎಸ್‌ಬಿ ಅನ್ನುವ ಹೆಸರೇ ಅಲ್ಲಿಲ್ಲ!

ಉತ್ತರ ಸಿಕ್ಕಿದ್ದು ಮಾನಿಟರ್ ಹಿಂದೆ ಅಂಟಿಸಿದ್ದ ಒಂದು ಮದುವೆ ಕಾಗದದ ಬೆನ್ನಲ್ಲಿ. ದೊಡ್ಡಪ್ಪನ ದುಂಡು ಅಕ್ಷರ: "ಮೌಸ್ 4. ಮೋಡೆಮ್ 4 ಬೇಡ, 10. ಸೌಂಡ್ 5. ಪ್ರಿಂಟರ್ 7. ಯುಎಸ್‌ಬಿ ಬಂದ್." ಕೆಳಗೆ 2001ರ ಒಂದು ತಾರೀಕು.

ಈ ಅಂಕಿಗಳನ್ನು ಕಾಲೇಜಿನ ಪಠ್ಯದಲ್ಲಿ ಓದಿ ಪರೀಕ್ಷೆ ಮುಗಿದ ಮೇಲೆ ಮರೆತಿದ್ದೆ. ಇವು ಐಆರ್‌ಕ್ಯೂ ಸಂಖ್ಯೆಗಳು. ಸುಲಭವಾಗಿ ಹೇಳುವುದಾದರೆ ಕರೆಗಂಟೆಗಳು. ಕೀಲಿಮಣೆಯೋ ಮೌಸೋ ಪ್ರೊಸೆಸರಿನ ಗಮನ ಸೆಳೆಯಬೇಕಾದರೆ ತನ್ನ ಗಂಟೆ ಬಾರಿಸಬೇಕು. 1981ರ ಐಬಿಎಂ ಪೀಸಿಯಲ್ಲಿ ಇಂಥ ಗಂಟೆಗಳಿದ್ದದ್ದು 8. 1984ರ ಪೀಸಿ ಎಟಿಯಲ್ಲಿ ಇನ್ನೊಂದು ಚಿಪ್ ಸೇರಿಸಿ 16 ಮಾಡಿದರು, ಎರಡನ್ನೂ ಜೋಡಿಸುವುದಕ್ಕೇ ಒಂದು ಖರ್ಚಾಗಿ ಉಳಿದದ್ದು 15. ಗಡಿಯಾರಕ್ಕೆ, ಕೀಲಿಮಣೆಗೆ, ಫ್ಲಾಪಿಗೆ, ಡಿಸ್ಕಿಗೆ ಹಂಚಿದ ಮೇಲೆ ಬೇರೆಯವರಿಗೆ ಮಿಕ್ಕುವುದು ಬೆರಳೆಣಿಕೆಯಷ್ಟು. ಹಳೆಯ ಐಎಸ್‌ಎ ಕಾರ್ಡುಗಳಿಗೆ ಗಂಟೆ ಹಂಚಿಕೊಳ್ಳುವ ಅಭ್ಯಾಸವೂ ಇರಲಿಲ್ಲ. ಎರಡು ಸಾಧನ ಒಂದೇ ಹಗ್ಗ ಎಳೆದರೆ ಕರೆದವರು ಯಾರು ಅಂತ ಪ್ರೊಸೆಸರಿಗೆ ತಿಳಿಯುತ್ತಿರಲಿಲ್ಲ.

ಅತಿ ಪ್ರಸಿದ್ಧ ಜಗಳವೇ ದೊಡ್ಡಪ್ಪನ ಅಂಗಡಿಯಲ್ಲೂ ನಡೆದಿತ್ತು. ಮೊದಲನೇ ಸೀರಿಯಲ್ ಪೋರ್ಟಿನ ಗಂಟೆ 4. ಮೂರನೆಯದರದ್ದೂ 4! ಮೌಸ್ ಮೊದಲನೆಯದರಲ್ಲಿ, ಮೋಡೆಮ್ ಮೂರನೆಯದರಲ್ಲಿ ಇದ್ದರೆ ಇಂಟರ್ನೆಟ್ಟಿಗೆ ಡಯಲ್ ಮಾಡಿದ ಕೂಡಲೇ ಮೌಸ್ ಕಲ್ಲಾಗುತ್ತಿತ್ತು. ರಿಪೇರಿಗೆ ಬಂದ ಹುಡುಗ ಮೋಡೆಮನ್ನು 10ಕ್ಕೆ ಸಾಗಿಸಿದ. ಆ ಹತ್ತರಲ್ಲಿ ಕೂತಿದ್ದು ಯುಎಸ್‌ಬಿ. ಆಗ ಅಂಗಡಿಯಲ್ಲಿ ಯುಎಸ್‌ಬಿ ವಸ್ತು ಒಂದೂ ಇರಲಿಲ್ಲ. ಬಯೋಸ್‌ನಲ್ಲಿ ಅದನ್ನು ಬಂದ್ ಮಾಡಿ ಚೀಟಿ ಬರೆಸಿ ಹೋದ.

ನನಗೆ ನಗು ಬಂದಿದ್ದು ಇಲ್ಲೇ. ಯುಎಸ್‌ಬಿ ಹುಟ್ಟಿದ್ದೇ ಇಂಥ ಜಗಳ ಬಿಡಿಸುವುದಕ್ಕೆ. 1994ರಲ್ಲಿ ಏಳು ಕಂಪನಿಗಳು ಸೇರಿ ಈ ಕೆಲಸ ಶುರು ಮಾಡಿದವು: ಇಂಟೆಲ್, ಮೈಕ್ರೋಸಾಫ್ಟ್, ಕಾಂಪ್ಯಾಕ್, ಐಬಿಎಂ, ಡಿಇಸಿ, ಎನ್‌ಇಸಿ ಮತ್ತು ನಾರ್ಟೆಲ್. ಇಂಟೆಲ್‌ನಲ್ಲಿ ಇದರ ಹಿಂದೆ ಬಿದ್ದವರು ಅಜಯ್ ಭಟ್. ಭಟ್ ಅಂದ ಕೂಡಲೇ ನಮ್ಮ ಕಡೆಯವರು ಅಂತ ಹಿಗ್ಗಬೇಡಿ, ಅವರು ಗುಜರಾತಿನವರು, ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಮನೆಯಲ್ಲಿ ಒಂದು ಪ್ರಿಂಟರ್ ಜೋಡಿಸುವುದಕ್ಕೆ ಪಟ್ಟ ಪಾಡನ್ನು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. 1996ರ ಜನವರಿಯಲ್ಲಿ ಯುಎಸ್‌ಬಿ 1.0 ಹೊರಬಂತು.

ಇವರು ಮಾಡಿದ ಉಪಾಯ ಸರಳ. ಹೊರಗಿನ ಸಾಧನಗಳ ಕೈಯಿಂದ ಗಂಟೆಯ ಹಗ್ಗವನ್ನೇ ಕಿತ್ತುಕೊಂಡರು. ಯುಎಸ್‌ಬಿಯಲ್ಲಿ ಸಾಧನ ತಾನಾಗಿ ಮಾತಾಡುವಂತಿಲ್ಲ. ಕಂಪ್ಯೂಟರೇ ಮೇಷ್ಟ್ರು ಹಾಜರಿ ಕೂಗಿದ ಹಾಗೆ ಒಬ್ಬೊಬ್ಬರನ್ನೂ ಕೇಳುತ್ತಾ ಹೋಗುತ್ತದೆ, ಕೇಳಿದಾಗ "ಇದ್ದೇನೆ ಸಾರ್" ಅಂದರೆ ಸಾಕು. ಹಾಗಾಗಿ ಒಬ್ಬ ಮೇಷ್ಟ್ರ ಕೈಕೆಳಗೆ 127 ಸಾಧನಗಳವರೆಗೆ ಕೂರಬಹುದು, ಗಂಟೆ ಮಾತ್ರ ಒಂದೇ. ಆದರೆ ಆ ಮೇಷ್ಟ್ರಿಗೂ ಒಂದು ಗಂಟೆ ಬೇಕಲ್ಲ! ಜಗಳ ಬಿಡಿಸಲು ಬಂದವನೇ ಹತ್ತನೇ ನಂಬರಿಗಾಗಿ ಜಗಳಕ್ಕೆ ನಿಂತ. ಹಳೇ ಮದರ್‌ಬೋರ್ಡುಗಳ ಬಯೋಸ್‌ನಲ್ಲಿ ಯುಎಸ್‌ಬಿಗೆ ಐಆರ್‌ಕ್ಯೂ ಕೊಡಬೇಕೋ ಬೇಡವೋ ಅಂತ ಕೇಳುವ ಸಾಲು ಇರುತ್ತಿದ್ದದ್ದು ಇದಕ್ಕೇ.

"ಮೋಡೆಮ್ ಎಲ್ಲಿ ದೊಡ್ಡಪ್ಪ?" ಅಂದೆ.

"ಅದು ಸಿಡಿಲಿಗೆ ಹೋಯ್ತು. ಫೋನಿನ ತಂತಿಯಲ್ಲೇ ಬಂತು."

ಮಲೆನಾಡಿನಲ್ಲಿ ಇದು ವಿಶೇಷವೇನಲ್ಲ. ಮೋಡೆಮ್ ಹೋದ ಮೇಲೂ ಯಾರೂ ಯುಎಸ್‌ಬಿ ಬಾಗಿಲು ತೆಗೆಯಲಿಲ್ಲ. ಬಯೋಸ್‌ಗೆ ಹೋಗಿ ಆ ಸಾಲನ್ನು ಬದಲಿಸಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ಪ್ರತ್ಯಕ್ಷವಾಯಿತು, ಅದೇ ಹತ್ತರಲ್ಲಿ. ಗೆದ್ದೆ ಅಂದುಕೊಂಡು ಪೆನ್‌ಡ್ರೈವ್ ಚುಚ್ಚಿದೆ.

ನೀಲಿ ಪರದೆ.

ಈ ನೀಲಿ ಪರದೆಗೂ ದೊಡ್ಡ ಇತಿಹಾಸವಿದೆ. 1998ರ ಏಪ್ರಿಲ್ 20ರಂದು ಶಿಕಾಗೋದ ಕಾಮ್‌ಡೆಕ್ಸ್ ಮೇಳದಲ್ಲಿ ಬಿಲ್ ಗೇಟ್ಸ್ ವಿಂಡೋಸ್ 98 ತೋರಿಸುತ್ತಿದ್ದರು. ಸಹೋದ್ಯೋಗಿ ಕ್ರಿಸ್ ಕಪೊಸೆಲಾ ಒಂದು ಸ್ಕ್ಯಾನರಿನ ಯುಎಸ್‌ಬಿ ತಂತಿ ಚುಚ್ಚಿದ್ದೇ ತಡ, ಇಡೀ ಸಭೆಯೆದುರು ನೀಲಿ ಪರದೆ ಬಂತು. ಜನ ಬಿದ್ದು ಬಿದ್ದು ನಕ್ಕರು. ಇದಕ್ಕೇ ಇನ್ನೂ ಬಿಡುಗಡೆ ಮಾಡಿಲ್ಲ ಅನ್ನುವ ಅರ್ಥದಲ್ಲಿ ಗೇಟ್ಸ್ ತಮಾಷೆ ಮಾಡಿ ದಾಟಿಸಿದರು. ಅದೇ ವರ್ಷ ಆಗಸ್ಟಿನಲ್ಲಿ ಆಪಲ್ ತನ್ನ ಐಮ್ಯಾಕ್‌ನಿಂದ ಫ್ಲಾಪಿ ಮತ್ತು ಹಳೇ ಪೋರ್ಟುಗಳನ್ನು ಕಿತ್ತೆಸೆದು ಯುಎಸ್‌ಬಿ ಕೊಟ್ಟಿತು. ಯುಎಸ್‌ಬಿ ವಸ್ತುಗಳ ಸಂತೆ ನಿಜವಾಗಿ ಕೂಡಿದ್ದು ಆಮೇಲೆಯೇ ಅಂತ ನನ್ನ ಅನಿಸಿಕೆ.

ಜಗಳ ಮಾತ್ರ ಮುಗಿಯಲಿಲ್ಲ. ತಂತಿಯಿಂದ ಡ್ರೈವರಿಗೆ ವರ್ಗವಾಯಿತು, ಅಷ್ಟೇ. ಯುಎಸ್‌ಬಿ ಸಾಧನ ಚುಚ್ಚಿದ ಕೂಡಲೇ ಎರಡು ಸಂಖ್ಯೆ ಹೇಳುತ್ತದೆ: ತಯಾರಕರು ಯಾರು, ವಸ್ತು ಯಾವುದು. ಅದಕ್ಕೆ ಹೊಂದುವ ಡ್ರೈವರನ್ನು ವಿಂಡೋಸ್ ಹುಡುಕುತ್ತದೆ. ಪೆನ್‌ಡ್ರೈವ್ ಮಾರುಕಟ್ಟೆಗೆ ಬಂದದ್ದು 2000ದಲ್ಲಿ. ವಿಂಡೋಸ್ 2000 ಮತ್ತು ಮಿ ಆವೃತ್ತಿಗಳಲ್ಲಿ ಎಲ್ಲ ಪೆನ್‌ಡ್ರೈವಿಗೂ ಆಗುವ ಸಾಮಾನ್ಯ ಡ್ರೈವರ್ ಇತ್ತು. 98ರಲ್ಲಿ ಇರಲಿಲ್ಲ. ಪ್ರತಿ ಕಂಪನಿಯೂ ತನ್ನದೊಂದು ಸೀಡಿ ಕೊಡಬೇಕು, ಮೊದಲು ಸೀಡಿ ಹಾಕಿ, ಆಮೇಲೆ ಚುಚ್ಚಿ ಅಂತ ದಪ್ಪಕ್ಷರದ ಎಚ್ಚರಿಕೆ ಬೇರೆ. ಗಿರಾಕಿಗಳು ತಂದ ಪೆನ್‌ಡ್ರೈವ್, ಕ್ಯಾಮೆರಾ, ಸ್ಕ್ಯಾನರಿನ ಸೀಡಿಗಳನ್ನೆಲ್ಲ ಅಂಗಡಿಯ ಹುಡುಗರು ನಿಯತ್ತಾಗಿ ಹಾಕಿದ್ದರು. ಕಿಂಡಿಯೇ ಬಂದ್ ಆಗಿರುವಾಗ ಯಾವುದೂ ನಡೆಯಲಿಲ್ಲ. ನಡೆಯಲಿಲ್ಲವೆಂದು ಇನ್ನೊಂದು ಹಾಕಿದರು! ಈಗ ಬಾಗಿಲು ತೆಗೆದದ್ದೇ ಎಲ್ಲವೂ ಒಟ್ಟಿಗೆ ನುಗ್ಗಿದವು.

ಗಾಬರಿಯಲ್ಲಿ ನಾನೂ ಒಂದು ತಪ್ಪು ಮಾಡಿದೆ. ಪೆನ್‌ಡ್ರೈವನ್ನು ಎರಡೂ ಕಿಂಡಿಗೆ ಚುಚ್ಚಿ ನೋಡಿದೆ. ಸಾಧನದಲ್ಲಿ ಸೀರಿಯಲ್ ನಂಬರ್ ಇಲ್ಲದಿದ್ದರೆ ವಿಂಡೋಸ್ ಅದನ್ನು ಕಿಂಡಿಯ ಮೇಲೆ ಗುರುತಿಟ್ಟುಕೊಳ್ಳುತ್ತದೆ, ಕಿಂಡಿ ಬದಲಾದರೆ ಹೊಸ ಸಾಧನ ಅಂದುಕೊಳ್ಳುತ್ತದೆ. ದೆವ್ವಗಳು ಹೆಚ್ಚಾದವು.

ಇದಕ್ಕೆ 98ರ ಕಾಲದವರಿಗೆ ಗೊತ್ತಿದ್ದ ಮದ್ದು ಸೇಫ್ ಮೋಡ್. ಮಾಮೂಲಾಗಿ ಕಾಣದ ಸತ್ತ ನಮೂದುಗಳೂ ಅಲ್ಲಿನ ಡಿವೈಸ್ ಮ್ಯಾನೇಜರ್‌ನಲ್ಲಿ ಕಾಣುತ್ತವೆ. ಒಂದೊಂದಾಗಿ ಅಳಿಸಿದೆ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಸೀಡಿಗಳಿಂದ ಬಂದ ತಂತ್ರಾಂಶಗಳನ್ನೂ ತೆಗೆದೆ. ಹವ್ಯಾಸಿಗಳು 98ಕ್ಕೆಂದೇ ಹೊಂದಿಸಿದ ಸಾಮಾನ್ಯ ಡ್ರೈವರೊಂದು ಅಂತರ್ಜಾಲದಲ್ಲಿದೆ. ಅದನ್ನು ಇಳಿಸಿಕೊಂಡು, ಗೆಳೆಯನ ಮನೆಯ ಸೀಡಿ ರೈಟರ್‌ನಲ್ಲಿ ಸುಟ್ಟು ತಂದು ಹಾಕಿದೆ. ಹಳೆಯ 2 ಜಿಬಿ ಪೆನ್‌ಡ್ರೈವ್ ಒಂದನ್ನು ಹುಡುಕಿ, ಈ ಸಲ ಒಂದೇ ಕಿಂಡಿಗೆ ಚುಚ್ಚಿದೆ.

ಹೊಸ ಡ್ರೈವಿನ ಚಿತ್ರ ಮೂಡಿತು. ದೊಡ್ಡಪ್ಪ ಉಸಿರು ಬಿಟ್ಟರು.

ಪ್ರಸಂಗದ ಫೈಲ್ ಬಂತು. ಲ್ಯಾಪ್‌ಟಾಪಿನಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಚಿಹ್ನೆಗಳು, ಯುನಿಕೋಡ್‌ಗೂ ಹಿಂದಿನ ಅಕ್ಷರ ಅದು. ಮತ್ತೆ ಹೋಗಿ ಫಾಂಟನ್ನೂ ತಂದೆ. ಪದ್ಯಗಳು ಸರಿಯಾಗಿ ಕಂಡವು. ದೊಡ್ಡಪ್ಪ ಕನ್ನಡಕ ಏರಿಸಿ ಮೊದಲ ಪುಟ ಗಟ್ಟಿಯಾಗಿ ಓದಿದರು, ಎರಡನೇ ಪುಟಕ್ಕೆ ಬರುವಾಗ ಅದು ಹಾಡೇ ಆಗಿತ್ತು. ಒಂದು ಕಡೆ ನಿಲ್ಲಿಸಿ "ಇಲ್ಲಿ ಕಾಗುಣಿತ ನಂದು ತಪ್ಪು, ಅಪ್ಪಯ್ಯಂದಲ್ಲ" ಅಂದರು.

ಹೊರಡುವ ಮುಂಚೆ ಆ ಮದುವೆ ಕಾಗದ ಕಿತ್ತು ನನ್ನ ಕೈಗೆ ಕೊಟ್ಟು, "ಯುಎಸ್‌ಬಿ ಚಾಲೂ ಅಂತ ಬರಿ. ತಾರೀಕು ಹಾಕು" ಅಂದರು. ಬರೆದೆ. ಮತ್ತೆ ಮಾನಿಟರ್ ಹಿಂದೆ ಅಂಟಿಸಿದರು.