ಕುರ್ಕ ಬಂದಿದ್ದು ನಮ್ಮೂರಿಗಲ್ಲ

ಈ ಸಲದ ಎಪಿಸೋಡ್ ಒಂದು ಪುಸ್ತಕ ಹುಡುಕಿದ ಕಥೆ. ಅದರ ಹೆಸರು ನನಗೆ ಗೊತ್ತಿರಲಿಲ್ಲ, ಬರೆದವರೂ ಗೊತ್ತಿರಲಿಲ್ಲ. ನಾನು ಓದುವಾಗಲೇ ಅದರ ರಟ್ಟು ಕಿತ್ತುಹೋಗಿತ್ತು.

ಮಾರನಹಳ್ಳಿ ಅಂದ್ರೆ ನಿಮ್ಮಲ್ಲಿ ಬಹಳ ಜನಕ್ಕೆ ಶಿರಾಡಿ ಘಾಟಿ ಶುರುವಾಗೋ ಜಾಗ. ಮಳೆಗಾಲದಲ್ಲಿ ಗುಡ್ಡ ಕುಸಿದಾಗ ಟಿವಿಯಲ್ಲಿ ಕೇಳೋ ಹೆಸರು. ನನಗೆ ಅದು ಅಜ್ಜಿ ಮನೆ. ಎಂಟೋ ಒಂಬತ್ತೋ ವಯಸ್ಸು, ಮೂರು ದಿನದಿಂದ ಕರೆಂಟಿಲ್ಲ, ಟಾರ್ಚ್ ಹಿಡ್ಕೊಂಡು ಕಂಬಳಿಯೊಳಗೆ ಓದಿದ್ದು. ನೆನಪಿದ್ದದ್ದು ಇಷ್ಟೇ. ಒಬ್ಬ ಹುಡುಗ ಆಡುಗಳ ಜೊತೆ ಒಂದು ಕೋಣೆಯಲ್ಲಿ ಮಲಗಿರ್ತಾನೆ. ರಾತ್ರಿ ಕುರ್ಕ ಬರುತ್ತೆ. ಬೆಳಿಗ್ಗೆ ನೋಡಿದ್ರೆ ಹುಡುಗ ಇಲ್ಲ, ಆದ್ರೆ ಒಂದು ಆಡಿಗೂ ತರಚು ಗಾಯ ಕೂಡ ಆಗಿಲ್ಲ.

ಇದು ನಮ್ಮ ತೋಟದಲ್ಲೇ ನಡೆದದ್ದು ಅಂತ ನನಗೆ ಖಾತ್ರಿ ಇತ್ತು. ಆ ಕೋಣೆ ಯಾವುದು ಅಂತಾನೂ ಗೊತ್ತಿತ್ತು. ಕೂಲಿ ಲೈನಿನ ಕೊನೇ ಮನೆ, ಆಡು ಕಟ್ಟೋ ಜಾಗ. ಅದರ ಪಕ್ಕದ ಮನೆಯಲ್ಲೇ ನನ್ನ ಗೆಳೆಯ ಇದ್ದ. ರಜೆಯಲ್ಲಿ ಇಬ್ಬರೂ ಹಗಲೆಲ್ಲ ಹಳ್ಳದಲ್ಲಿ ಏಡಿ ಹಿಡೀತಿದ್ವಿ. ಹಬ್ಬಕ್ಕೆ ಮನೆಗೆ ಬಾ ಅಂತ ಕರೀತಿದ್ದ. ನಾನು ಒಂದು ಸಲಾನೂ ಹೋಗಲಿಲ್ಲ. ಹೆದರಿಕೆ ಅಂತ ಹೇಳೋಕೆ ನಾಚಿಕೆ, ಅದಕ್ಕೆ ಪ್ರತಿ ಸಲ ಒಂದೊಂದು ನೆಪ.

ಪುಸ್ತಕ ಎಲ್ಲಿ ಅಂತ ಅಜ್ಜಿಯನ್ನ ಕೇಳಿದೆ. "ಗೆದ್ದಲು ಹಿಡಿದಿತ್ತು ಮಗ, ಹಂಡೆ ಒಲೆಗೆ ಹಾಕ್ದೆ" ಅಂದ್ರು.

ಉಳಿದಿದ್ದ ಸುಳಿವು ಒಂದೇ ಪದ, ಕುರ್ಕ. ನಮ್ಮ ಕಡೆ ಚಿರತೆಗೆ ಹಾಗನ್ನೋದು. ಬೆಂಗಳೂರಿನ ಒಂದು ಪುಸ್ತಕದಂಗಡಿಯಲ್ಲಿ ಈ ಪದ ಹೇಳಿದ್ದೇ ತಡ, ಅಂಗಡಿಯವರು ಬಿಲ್ ಬುಕ್ಕಿಂದ ತಲೆ ಎತ್ತದೆ "ತೇಜಸ್ವಿ" ಅಂದ್ರು. ಪೂರ್ಣಚಂದ್ರ ತೇಜಸ್ವಿಯವರ 'ಕಾಡಿನ ಕಥೆಗಳು', ಒಟ್ಟು ನಾಲ್ಕು ಭಾಗ. ಮೂರನೆಯದರ ಹೆಸರು 'ಜಾಲಹಳ್ಳಿಯ ಕುರ್ಕ'.

ಮೂಲ ಕೆನೆತ್ ಆಂಡರ್ಸನ್ ಅವರದು. 1910ರಲ್ಲಿ ಹುಟ್ಟಿ 1974ರಲ್ಲಿ ತೀರಿಕೊಂಡ ಬೆಂಗಳೂರಿನ ಶಿಕಾರಿ, ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಈ ಕಥೆ ಇರೋ ಅವರ ಇಂಗ್ಲಿಷ್ ಪುಸ್ತಕ 1954ರದ್ದು. ಇನ್ನು ಜಾಲಹಳ್ಳಿ ಅಂದ್ರೆ ಯಾವುದೋ ಕಾಡೂರಲ್ಲ ಸ್ವಾಮಿ, ನಮ್ಮ ಹಸಿರು ಮೆಟ್ರೋ ಲೈನಿನ ಜಾಲಹಳ್ಳಿ! ಎಚ್‌ಎಂಟಿ, ಬಿಇಎಲ್ ಬರೋಕೆ ಮುಂಚೆ ಅದು ಊರಾಚೆಯ ಹಳ್ಳಿ. ಆ ಚಿರತೆ ನರಭಕ್ಷಕವೂ ಅಲ್ಲ, ಜನ ಸುತ್ತುವರಿದು ಕೆಣಕಿದ ಮೇಲೆ ತಿರುಗಿ ಬಿದ್ದ ಪ್ರಾಣಿ. ಆಂಡರ್ಸನ್ ಇಂಗ್ಲಿಷಿನಲ್ಲಿ ಪ್ಯಾಂಥರ್ ಅಂತ ಬರೆದದ್ದನ್ನ ತೇಜಸ್ವಿ ಕುರ್ಕ ಮಾಡಿದ್ರು. ಅವರು ಕಾಫಿ ಬೆಳೀತಾ ಬರೀತಿದ್ದದ್ದು ಮೂಡಿಗೆರೆಯಲ್ಲಿ, ನಮ್ಮ ಸಕಲೇಶಪುರದ ಪಕ್ಕದ ತಾಲ್ಲೂಕು. ಬೆಂಗಳೂರಿನ ಚಿರತೆ ನನ್ನ ತಲೆಯಲ್ಲಿ ಘಾಟಿ ಹತ್ತಿದ್ದು ಆ ಒಂದು ಪದದಿಂದ.

ಆದ್ರೆ ನಾಲ್ಕೂ ಭಾಗ ಮುಗಿಸಿದ್ರೂ ಆಡಿನ ಹುಡುಗ ಸಿಗಲಿಲ್ಲ. ನಾನು ಬಿ.ಕಾಂ ಮಾಡಿದೋನು, ಟ್ಯಾಲಿ ಆಗದಿದ್ರೆ ನಿದ್ದೆ ಬರಲ್ಲ. ಮತ್ತೆ ಅದೇ ಅಂಗಡಿಗೆ ಹೋದೆ. ಈ ಸಲ 'ರುದ್ರಪ್ರಯಾಗದ ಭಯಾನಕ ನರಭಕ್ಷಕ' ಕೊಟ್ರು. ಜಿಮ್ ಕಾರ್ಬೆಟ್ ಬರೆದದ್ದು, ಕನ್ನಡಕ್ಕೆ ಮತ್ತೆ ತೇಜಸ್ವಿಯವರೇ. ಕೇದಾರ, ಬದರಿಗೆ ಹೋಗೋ ಯಾತ್ರಿಕರ ದಾರಿಯಲ್ಲಿ 1918ರಿಂದ 1926ರವರೆಗೆ 125 ಜನರನ್ನ ಕೊಂದ ಚಿರತೆ. 1918ರ ಇನ್‌ಫ್ಲುಯೆಂಜಾದಲ್ಲಿ ಸತ್ತವರನ್ನ ಸುಡೋಕೂ ಆಗದೆ, ಬಾಯಿಗೆ ಕೆಂಡ ಇಟ್ಟು ಕಣಿವೆಗೆ ತಳ್ತಿದ್ರಂತೆ. ಮನುಷ್ಯರ ಮಾಂಸದ ರುಚಿ ಹತ್ತಿದ್ದು ಅಲ್ಲಿಂದ ಅನ್ನೋದು ಕಾರ್ಬೆಟ್ ಲೆಕ್ಕಾಚಾರ.

ಹುಡುಗ ಇದ್ದದ್ದು ಅಲ್ಲೇ. ಅಂದ್ರೆ ನನ್ನ ನೆನಪು ಒಂದು ಪುಸ್ತಕವೇ ಅಲ್ಲ, ಎರಡು. ಎರಡೂ ಮಾರನಹಳ್ಳಿಯದಲ್ಲ.

ಈ ಸಲ ನಿಧಾನಕ್ಕೆ ಓದಿದೆ. ಹದಿನಾಲ್ಕು ವರ್ಷದ ಅನಾಥ, ಮುಟ್ಟಿಸಿಕೊಳ್ಳದ ಜಾತಿಯವನು, ಬೇರೆಯವರ ನಲವತ್ತು ಆಡು ಕಾಯೋ ಕೆಲಸ. ಸಂಜೆ ಊಟ ಕೊಟ್ಟು ಅವನನ್ನ ಆಡುಗಳ ಜೊತೆಗೇ ಕೋಣೆಯೊಳಗೆ ಬಿಟ್ಟು ಹೊರಗಡೆಯಿಂದ ಬಾಗಿಲು ಹಾಕ್ತಿದ್ರು. ಕಿಟಕಿ ಇಲ್ಲ. ಆಡು ಮೈಮೇಲೆ ಬೀಳದ ಹಾಗೆ ಒಂದು ಮೂಲೆಗೆ ಬೇಲಿ ಕಟ್ಕೊಂಡು ಅದರೊಳಗೆ ಮಲಗ್ತಿದ್ದ. ಸಾಲು ಮನೆ, ಒಡೆಯ ಇದ್ದದ್ದು ಅದೇ ಕೋಣೆಯ ಮೇಲಿನ ಮಹಡಿಯಲ್ಲಿ. ಸಣ್ಣವನಿದ್ದಾಗ ಇದನ್ನೂ ಓದಿರ್ತೀನಿ. ಆಗ ನನ್ನ ಕಣ್ಣಿಗೆ ಬಿದ್ದದ್ದು ಚಿರತೆ ಮಾತ್ರ.

ಪುಸ್ತಕ ಸಿಕ್ಕಿದ ರಾತ್ರಿ ಆ ಗೆಳೆಯನಿಗೆ ಫೋನ್ ಮಾಡಿದೆ. ಈಗ ಮಂಗಳೂರಲ್ಲಿ ಕೆಲಸದಲ್ಲಿದ್ದಾನೆ, ಮಾತಾಡಿ ನಾಲ್ಕು ವರ್ಷ ಆಗಿತ್ತು. ನಿಮ್ಮನೆಗೆ ಯಾಕೆ ಬರ್ತಿರಲಿಲ್ಲ ಅಂದ್ರೆ ಹೀಗೀಗೆ, ಒಂದು ಕಥೆ ಓದಿ ಹೆದರಿದ್ದೆ ಅಂತ ಹೇಳಿದೆ. ಮೊದಲು ಜೋರಾಗಿ ನಕ್ಕ. ಆಮೇಲೆ ಅಂದ, "ಲೈನಿಗೆ ಹೋಗ್ಬೇಡ ಅಂತ ನಿಮ್ಮನೇಲಿ ಹೇಳಿದಾರೆ ಅಂತ ಅವ್ವ ಅಂದ್ಕೊಂಡಿದ್ಲು ಕಣೋ. ಎರಡು ಸಲ ನಿಂಗೆ ಅಂತ ಕಜ್ಜಾಯ ಎತ್ತಿಟ್ಟಿದ್ಲು."

ನಮ್ಮನೇಲಿ ಹಾಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳೋ ಅವಶ್ಯಕತೆ ಇತ್ತಾ ಅನ್ನೋದು ಬೇರೆ ಪ್ರಶ್ನೆ. ಅವರಮ್ಮ ನಮ್ಮ ಜಗಲಿಯಲ್ಲಿ ಕಾಫಿ ಕುಡೀತಿದ್ದ ಲೋಟ ಯಾವಾಗಲೂ ಒಂದೇ, ಅದನ್ನ ಇಡ್ತಿದ್ದ ಜಾಗಾನೂ ಒಂದೇ. ಅದು ನನಗೆ ಈಗಲೂ ಚೆನ್ನಾಗಿ ನೆನಪಿದೆ. ಫೋನಲ್ಲಿ ನನಗೆ ಮಾತು ಬರಲಿಲ್ಲ. ಅವನೇ ಕೇಳಿದ, "ಆ ಹುಡುಗನ ಹೆಸರೇನು?"

ಪುಟ ತಿರುವಿದೆ. ಆಡು ನಲವತ್ತು ಅಂತ ಲೆಕ್ಕ ಇದೆ, ಹುಡುಗನ ಹೆಸರಿಲ್ಲ. ಹಾಗಂತ ಹೇಳಿದೆ. ಆಯ್ತು, ಪುಸ್ತಕ ಕೊರಿಯರ್ ಮಾಡು ಅಂದ. ನಿನ್ನೆ ಮಾಡಿದ್ದೀನಿ.