ಬಸುರಿಯ ತಟ್ಟೆ, ಕೂಸಿನ ಕಾವಲು

ಸುಲ್ತಾನ್ ಬಜಾರಿನ ಅಂಗಡಿಗಳ ಗದ್ದಲ ದಾಟಿದರೆ ಸರ್ಕಾರಿ ಹೆರಿಗೆ ಆಸ್ಪತ್ರೆ. ಬೀದರ್, ಕಲಬುರಗಿ, ರಾಯಚೂರು 1956ರ ತನಕ ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ, ಆ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕನ್ನಡ ಮನೆಗಳಿಗೆ ಈ ಬೀದಿಗಳು ಹೊಸವಲ್ಲ. ನಮ್ಮ ಮನೆಗಳಲ್ಲಿ ಬಸುರಿಗೆ ಸಿಗುವ ಬುದ್ಧಿಮಾತು ನಿಮಗೂ ಗೊತ್ತಿರಬೇಕು. ಕುಬಸದ ದಿನ "ಇಬ್ಬರ ಊಟ ಮಾಡವ್ವಾ" ಅನ್ನುತ್ತಾರೆ. ದಿನ ತುಂಬುತ್ತಿದ್ದಂತೆ "ಭಾಳ ಉಣಬ್ಯಾಡ, ಕೂಸು ದೊಡ್ಡದಾದ್ರ ಹೆರಿಗಿ ಕಷ್ಟ". ಹೆತ್ತ ಮೇಲೆ, "ಈಕಿ ಬಡಕಿ, ಈಕಿ ಹಾಲಾಗ ಏನು ಸತ್ವ ಅದ? ಡಬ್ಬಿ ಹಾಲು ತರ್ರಿ!"

ಈ ಕೊನೆಯ ಮಾತನ್ನು ಒರೆಗೆ ಹಚ್ಚಿದವರು ಇದೇ ಊರಿನಲ್ಲಿದ್ದರು. 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಕೂನೂರಿನ ಒಂದೇ ಕೋಣೆಯಲ್ಲಿ ಆರಂಭಿಸಿದ ಬೆರಿಬೆರಿ ಸಂಶೋಧನೆ ಬೆಳೆದು 1958ರಲ್ಲಿ ಹೈದರಾಬಾದಿಗೆ ಬಂತು. ತಾರ್ನಾಕದ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ. ಅಲ್ಲಿನ ವಿನೋದಿನಿ ರೆಡ್ಡಿ ಮತ್ತು ಸಂಗಡಿಗರು ಹೊಟ್ಟೆತುಂಬ ಉಂಡ ತಾಯಂದಿರ ಹಾಲನ್ನೂ ಅರೆಹೊಟ್ಟೆಯವರ ಹಾಲನ್ನೂ ಹೋಲಿಸಿ 1977ರಲ್ಲಿ ಪ್ರಕಟಿಸಿದರು. ರೋಗಾಣುಗಳನ್ನು ತಡೆಯುವ ಇಮ್ಯುನೋಗ್ಲಾಬ್ಯುಲಿನ್-ಎ, ಲೈಸೋಜೈಮ್, ಲ್ಯಾಕ್ಟೋಫೆರಿನ್ ಎರಡರಲ್ಲೂ ಹೆಚ್ಚುಕಡಿಮೆ ಸಮವಾಗಿದ್ದವು. ಬಡ ತಾಯಿಯ ಹಾಲೂ ಕಾವಲಿನ ಹಾಲೇ!

ಹಾಗಾದರೆ ಬಸುರಿಯ ಊಟ ಹೇಗಿದ್ದರೂ ನಡೆಯುತ್ತದೆಯೇ? ಇಲ್ಲ. ತಾಯಿಯ ರಕ್ತದ ಪ್ರತಿಕಾಯಗಳು ಮಾಸಿನ ಮೂಲಕ ಕೂಸಿಗೆ ದಾಟುವುದು ಹೆಚ್ಚಾಗಿ ಕೊನೆಯ ಮೂರು ತಿಂಗಳಲ್ಲಿ. ರೋಗದ ವಿರುದ್ಧ ಹೋರಾಡುವ ಟಿ-ಕಣಗಳು ಪಳಗುವ ಥೈಮಸ್ ಗ್ರಂಥಿಯೂ ಗರ್ಭದಲ್ಲೇ ಬೆಳೆಯುತ್ತದೆ. ಹೊಟ್ಟೆಯಲ್ಲಿ ಸೊರಗಿದ ಕೂಸಿಗೆ ಅದು ಚಿಕ್ಕದಾಗಿರುತ್ತದೆ. ಆಫ್ರಿಕಾದ ಗಾಂಬಿಯಾದ ಹಳ್ಳಿಗಳ ಹಳೆಯ ದಾಖಲೆಗಳನ್ನು ನೋಡಿದವರು 1997ರಲ್ಲಿ ತಿಳಿಸಿದ್ದು ಬೆಚ್ಚಿಬೀಳಿಸುವಂಥದ್ದು: ಕಾಳುಕಡ್ಡಿ ಮುಗಿದ ಹಸಿವಿನ ತಿಂಗಳುಗಳಲ್ಲಿ ಹುಟ್ಟಿದವರು ದೊಡ್ಡವರಾದ ಮೇಲೆ, ಅದೂ ಹೆಚ್ಚಾಗಿ ಸೋಂಕುಗಳಿಂದ, ಬೇಗ ಸಾಯುತ್ತಿದ್ದರು.

ಅಂದರೆ ನಮ್ಮ ಹಿರಿಯರ ಮಾತುಗಳಲ್ಲಿ ಕುಬಸದ ದಿನದ್ದೇ ಸರಿ, ಉಳಿದೆರಡೂ ತಪ್ಪು. ಆ ಮಾತನ್ನು ಒಂದು ದಿನದ ಹೋಳಿಗೆಗೆ ಮುಗಿಸದೆ ಒಂಬತ್ತು ತಿಂಗಳ ಸೊಪ್ಪು, ಬೇಳೆ, ಹಾಲು, ಮೊಟ್ಟೆಗೆ ಎಳೆಯಬೇಕಿತ್ತು, ಅಷ್ಟೇ. ಬಸುರಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನದ ಬಿಸಿಯೂಟ ಬಡಿಸುವ ಯೋಜನೆಗಳು ಬಂದದ್ದು ತೀರ ಈಚೆಗೆ: ತೆಲಂಗಾಣದ ಆರೋಗ್ಯಲಕ್ಷ್ಮಿ 2015ರಲ್ಲಿ, ಕರ್ನಾಟಕದ ಮಾತೃಪೂರ್ಣ 2017ರಲ್ಲಿ. ಮನೆಗೆ ಒಯ್ದರೆ ಅದು ಹಂಚಿಹೋಗುತ್ತದೆ ಎಂಬುದು ಯಾರಿಗೆ ಗೊತ್ತಿಲ್ಲ?

ಕೂಸಿಗೆ ಮೇಲಿಂದ ಮೇಲೆ ಜ್ವರ ಬಂದರೆ ತಾಯಿಯ ಹಾಲನ್ನು ಹಳಿಯುವವರು ಒಂದು ಲೆಕ್ಕ ಹಾಕಲಿ. ಏಳನೇ ತಿಂಗಳಲ್ಲಿ ಆಕೆ ಊಟಕ್ಕೆ ಕೂರುವ ಮುಂಚೆ ಮನೆಯಲ್ಲಿ ಎಷ್ಟು ಜನ ಉಂಡು ಎದ್ದಿದ್ದರು?